ದ್ರಾಕ್ಷಿಯ ಮನೆಯ ಆತಿಥ್ಯ

ಮದ್ಯವನ್ನು ಮುಟ್ಟದ ನಾವು ಮದ್ಯ ತಯಾರಿಸುವವರ ಮನೆಯಲ್ಲಿ ಅತಿಥಿಗಳಾಗಿದ್ದೆವೆಂದರೆ ಓದುಗ ಬಂಧುಗಳಿಗೆ ಆಶ್ಚರ್ಯವಾಗಬಹುದು. ಅಲ್ಬೇನಿಯಾ ದೇಶದ ದಕ್ಷಿಣ ಭಾಗದಲ್ಲಿ, ವ್ಯೋಸಾ ನದಿಯ ದಡದಲ್ಲಿರುವ ಪೆರ್ಮೆಟ್ ಪಟ್ಟಣಕ್ಕೆ ಸಮೀಪದ ಹಳ್ಳಿಯೊಂದರಲ್ಲಿ ಇಂತಹ ಪ್ರಸಂಗ ನಮಗೆ ಒದಗಿತು. 2023ರಲ್ಲಿ ಈ ನದಿಯನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಗಿದೆ. ಅದನ್ನು ಕಾಣಬೇಕೆಂಬ ಆಸೆಯೇ ನಮ್ಮನ್ನು ಅಲ್ಲಿಗೆ ಕರೆದೊಯ್ದಿತ್ತು.

ಅಂಗಳದ ಮೇಲೆ ದ್ರಾಕ್ಷಿಯ ಚಪ್ಪರ. ನೆಲಮಾಳಿಗೆಯಲ್ಲಿ ವೈನ್ ತುಂಬಿದ ಪೀಪಾಯಿಗಳು. ರಸ ತೆಗೆದ ಮೇಲೆ ಉಳಿಯುವ ಸಿಪ್ಪೆ, ಬೀಜಗಳ ಚರಟವನ್ನೂ ಅವರು ಎಸೆಯುವುದಿಲ್ಲ. ಅದು ಚೆನ್ನಾಗಿ ಹುಳಿತ ಬಳಿಕ ತಾಮ್ರದ ಹಂಡೆಗೆ ತುಂಬಿ, ಕಟ್ಟಿಗೆಯ ಸಣ್ಣ ಉರಿಯಲ್ಲಿ ಕಾಯಿಸುತ್ತಾರೆ. ಮದ್ಯಸಾರವು ಸುಮಾರು 78 ಡಿಗ್ರಿ ಉಷ್ಣತೆಯಲ್ಲಿ, ನೀರಿಗಿಂತ ಮೊದಲೇ ಕುದಿಯುತ್ತದೆ. ಆ ಆವಿಯು ತಣ್ಣೀರಿನ ತೊಟ್ಟಿಯೊಳಗಿನ ಕೊಳವೆಯಲ್ಲಿ ಹಾಯ್ದು ಹನಿಹನಿಯಾಗಿ ಇಳಿಯುತ್ತದೆ. ಅದೇ ಆ ನಾಡಿನ 'ರಾಕಿ'. ಮೊದಲು ಬಂದ ಕಟುವಾಸನೆಯ ಭಾಗವನ್ನು ಮನೆಯ ಅಜ್ಜನವರು ಬೇರೆ ಹಿಡಿದು ಚೆಲ್ಲಿಬಿಟ್ಟರು. ಲಾಭದ ಆಸೆಗೆ ಅದನ್ನು ಬೆರೆಸಿದವನು ನೆರೆಯವನ ಮುಖ ನೋಡಲಾರನೆಂದು ಅವರ ಮಾತು.

ಕಮ್ಯುನಿಸ್ಟ್ ಆಳ್ವಿಕೆಯಲ್ಲಿ ಅಲ್ಲಿಯ ಹೊಲಗಳು ಸಾಮೂಹಿಕ ಬೇಸಾಯದ ಪಾಲಾಗಿದ್ದವು. 1967ರಲ್ಲಿ ಮಸೀದಿ, ಚರ್ಚುಗಳಿಗೂ ಬೀಗ ಬಿದ್ದಿತ್ತು. 1991ರ ಭೂ ಕಾಯಿದೆಯ ಬಳಿಕ ನೆಲವನ್ನು ರೈತ ಕುಟುಂಬಗಳಿಗೆ ಹಂಚಲಾಯಿತು. ಈ ತೋಟವೂ ಹಾಗೆ ಬಂದದ್ದು. ಬಳ್ಳಿಗಳನ್ನೆಲ್ಲ ಅಜ್ಜನವರು ಮಡದಿಯೊಡನೆ ಕೈಯಾರೆ ನೆಟ್ಟಿದ್ದರು.

ಸಂಜೆ ಊಟದ ಮುಂಚೆ ಅವರು ಪುಟ್ಟ ಲೋಟದಲ್ಲಿ ರಾಕಿ ಮುಂದಿಟ್ಟರು. ನಾವು ಅಲ್ಲಿಯ ರೂಢಿಯಂತೆ ಎದೆಯ ಮೇಲೆ ಕೈಯಿಟ್ಟು, ನಮ್ಮ ಮನೆತನದಲ್ಲಿ ಇದಿಲ್ಲವೆಂದು ವಿನಯದಿಂದ ತಿಳಿಸಿದೆವು. ಅವರ ಮುಖ ಬಾಡಿತು. ಅನ್ನ ಒಲ್ಲೆನೆಂದು ಎದ್ದ ಅತಿಥಿಯಂತೆ ನಮಗೇ ಸಂಕೋಚವಾಯಿತು. ಆಗ ಅಜ್ಜಿಯವರು ಒಳಗೆ ಹೋಗಿ 'ಗ್ಲಿಕೋ' ತಂದರು. ಎಳೆಯ ಅಕ್ರೋಟನ್ನು ಇಡಿಯಾಗಿ ಸಕ್ಕರೆಪಾಕದಲ್ಲಿ ಬೇಯಿಸಿದ ಈ ಸಿಹಿಗೆ ಪೆರ್ಮೆಟ್ ಹೆಸರುವಾಸಿ. ಜೊತೆಗೊಂದು ಲೋಟ ನೀರು. ಅಜ್ಜನವರು ನಕ್ಕು, ತಮ್ಮ ಲೋಟವನ್ನು ನಮ್ಮ ನೀರಿನ ಲೋಟಕ್ಕೆ ತಾಗಿಸಿದರು.

ಅವರು ಕುಡಿದದ್ದು ಅದೊಂದೇ ಲೋಟ. ಏಕೆಂದು ಕೇಳಿದೆವು. ತಮ್ಮ ಅಣ್ಣ ಒಂದಕ್ಕೆ ನಿಲ್ಲಿಸಲಿಲ್ಲ, ನಲವತ್ತು ತುಂಬುವ ಮೊದಲೇ ಹೋದ ಎಂದು ಅವರು ಹೇಳಿದಾಗ ಮೊಮ್ಮಗನೂ ತಲೆ ತಗ್ಗಿಸಿ ಕೇಳುತ್ತಿದ್ದ.

ಹೆಂಡದ ಮಾರಯ್ಯನವರನ್ನೂ ಶರಣರೆಂದು ಅಪ್ಪಿಕೊಂಡ ಪರಂಪರೆ ನಮ್ಮದು. ಕುಡಿತದಿಂದ ಹಾಳಾದ ಮನೆಗಳನ್ನು ನಮ್ಮ ಊರುಗಳಲ್ಲಿ ಕಂಡಿರುವ ನಾವು ನಮ್ಮ ವ್ರತವನ್ನು ಸಡಿಲಿಸಬೇಕಾಗಿಲ್ಲ. ಹಾಗೆಂದು ಅದನ್ನು ಅನ್ಯರನ್ನು ಅಳೆಯುವ ಕೋಲಾಗಿಸಿಕೊಳ್ಳಲೂ ಬೇಕಾಗಿಲ್ಲ. ಒಲ್ಲದ ಅತಿಥಿಯನ್ನು ಒತ್ತಾಯಿಸದೆ ಸಿಹಿಯಿತ್ತು ಸತ್ಕರಿಸಿದ ಆ ತಾಯಿಯಲ್ಲಿ ನಾವು ದಾಸೋಹದ ಗುಣವನ್ನೇ ಕಂಡೆವು.