ಯೋಗವಾಯಿತು, ಕ್ಷೇಮವೆಲ್ಲಿ?



ಸಂಸ್ಕೃತದಲ್ಲಿ ‘ಯೋಗಕ್ಷೇಮ’ವೆಂಬುದೊಂದು ಪದವುಂಟು. ಕಾಗದ ಬರೆಯುವಾಗ ನಾವು ಅದನ್ನು ಕುಶಲವೆಂಬ ಅರ್ಥದಲ್ಲಿ ಬಳಸಿ ಮುಂದೆ ಸಾಗುವೆವು. ಬಲ್ಲವರಾದರೋ ಅದನ್ನು ಎರಡಾಗಿ ಬಿಡಿಸಿ ಹೇಳುವರು: ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ತವರಿನಿಂದ ಬಂದ ಹಿತ್ತಾಳೆಯ ಪಾತ್ರೆಯನ್ನು ಹುಣಿಸೆಹಣ್ಣು ಹಚ್ಚಿ ಬೆಳಗುವ ಗೃಹಿಣಿಗೆ ಈ ಎರಡನೆಯದರ ಬೆಲೆಯನ್ನು ಯಾರೂ ಬೋಧಿಸಬೇಕಾದುದಿಲ್ಲ. ನಮ್ಮ ಶಾಲೆಗಳ ಗಣಕಯಂತ್ರಗಳ ವಿಷಯದಲ್ಲಿ ಮಾತ್ರ ನಾವು ಯೋಗವನ್ನು ಉತ್ಸವದಂತೆ ಆಚರಿಸಿ ಕ್ಷೇಮವನ್ನು ಮರೆತಿರುವೆವು.

ಅತ್ತಿಬೆಲೆಯಿಂದ ಹೆದ್ದಾರಿ ಹಿಡಿದು ಬೆಂಗಳೂರಿನ ಕಡೆಗೆ ಹೊರಟರೆ ದಾರಿಯಲ್ಲೇ ಎಲೆಕ್ಟ್ರಾನಿಕ್ ಸಿಟಿ ಸಿಕ್ಕುವುದು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಅದಕ್ಕೆ ಅಸ್ತಿಭಾರ ಹಾಕಿತು. ದೇಶಾಂತರದ ಗಣಕಗಳ ಆರೈಕೆ ಹಗಲಿರುಳು ನಡೆಯುವುದು ಅಲ್ಲಿ. ಅದರ ನೆರೆಯ ಶಾಲೆಯೊಂದರ ಗಣಕವು ಬಟ್ಟೆ ಹೊದ್ದು ಮಲಗಿರುವುದು ಇಲ್ಲಿ. ದೀಪದ ಬುಡದಲ್ಲಿ ಕತ್ತಲೆಯೆಂಬುದು ಇದಕ್ಕೇ ಅಲ್ಲವೆ?

ಯಂತ್ರಗಳು ಬರಲಿಲ್ಲವೆಂದು ಯಾರೂ ಹೇಳಲಾರರು. 2004ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಪ್ರೌಢಶಾಲೆಗಳಿಗಾಗಿ ಐಸಿಟಿ ಯೋಜನೆಯನ್ನು ಆರಂಭಿಸಿತು. 2010ರಲ್ಲಿ ಅದನ್ನು ಪರಿಷ್ಕರಿಸಿತು. ಅನೇಕ ಕಡೆಗಳಲ್ಲಿ ಖಾಸಗಿಯವರು ಯಂತ್ರಗಳನ್ನು ಸ್ಥಾಪಿಸಿ, ಗೊತ್ತಾದ ಕೆಲವು ವರ್ಷ ತಾವೇ ನಡೆಸಿ, ಅನಂತರ ಶಾಲೆಗೆ ಒಪ್ಪಿಸಿ ಹೋಗುವ ಏರ್ಪಾಡಿತ್ತು. ಒಪ್ಪಿಸಿದ ಮರುದಿನದಿಂದ ನೋಡಿಕೊಳ್ಳುವವರು ಯಾರು? ಅಲ್ಲಿಂದಾಚೆಗೆ ಎಲ್ಲವೂ ಮುಖ್ಯೋಪಾಧ್ಯಾಯನ ತಲೆಯ ಮೇಲೆ.

ಆ ತಲೆಗಳಲ್ಲಿ ನನ್ನದೂ ಒಂದು. ಶಾಲೆಯ ಹೆಸರು ಬೇಡ, ತಪ್ಪು ನನ್ನದು. ಒಂದು ಯಂತ್ರ ಕೆಟ್ಟರೂ ಲೆಕ್ಕ ಒಪ್ಪಿಸಬೇಕಾದೀತೆಂಬ ಭೀತಿಯಿಂದ ನಾನು ಗಣಕದ ಕೊಠಡಿಗೆ ಬೀಗ ಹಾಕಿಸಿ, ವಿದ್ಯುತ್ತನ್ನು ತೆಗೆಸಿ, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡೆನು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು, “ನಮ್ಮ ಸರದಿ ಎಂದು ಬರುವುದು, ಸಾರ್?” ಎಂದು ಕೇಳಿದಳು. “ಪರೀಕ್ಷೆ ಮುಗಿಯಲಿ,” ಎಂದೆನು. ಪರೀಕ್ಷೆ ಮುಗಿಯಿತು, ಅವಳು ಶಾಲೆಯನ್ನೇ ಬಿಟ್ಟು ಹೋದಳು.

ಬಹುಕಾಲದ ಮೇಲೆ ಕೊಠಡಿ ತೆರೆದಾಗ ಯಂತ್ರಗಳು ಎದ್ದವು; ಆದರೆ ಯಾವ ಜಾಲತಾಣವನ್ನೂ ತೋರಿಸಲೊಲ್ಲವು. ಸಂಪರ್ಕವು ಸುರಕ್ಷಿತವಲ್ಲವೆಂದು ಮೊಂಡು ಹಿಡಿದವು. ಕೆಟ್ಟವೆಂದೇ ಬರೆದಿಟ್ಟೆವು. ಶಾರದಾಪೂಜೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬನು ಪರದೆಯ ಮೂಲೆಯನ್ನು ನೋಡಿ ನಕ್ಕನು. ಅಲ್ಲಿದ್ದ ತಾರೀಖು ಎಷ್ಟೋ ವರ್ಷ ಹಿಂದಿನದು!

ಕಾರಣವನ್ನು ಅವನೇ ತಿಳಿಸಿದನು. ಗಣಕದ ಒಳಗೆ ನಾಣ್ಯದಂಥ 3 ವೋಲ್ಟಿನ ಬ್ಯಾಟರಿಯೊಂದಿರುವುದು. ಹೊರಗಿನ ವಿದ್ಯುತ್ತು ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಸುರಕ್ಷಿತ ತಾಣಗಳೆಲ್ಲ ಇಂಥ ದಿನದಿಂದ ಇಂಥ ದಿನದವರೆಗೆಂದು ಅವಧಿಯುಳ್ಳ ಪ್ರಮಾಣಪತ್ರವನ್ನು ತೋರಿಸುವುವು. ಗಣಕದ ಗಡಿಯಾರವು ಹಿಂದೆ ಬಿದ್ದರೆ, ಆ ಪತ್ರದ ಅವಧಿಯು ಇನ್ನೂ ಆರಂಭವೇ ಆಗಿಲ್ಲವೆಂದು ಅದು ತಿಳಿದು ತಾಣವನ್ನು ನಂಬದು. ವಿದ್ಯುತ್ತು ತೆಗೆದು ಬೀಗ ಹಾಕಿದುದರಿಂದಲೇ ಆ ಬಿಲ್ಲೆಗಳು ಬೇಗ ಸವೆದಿದ್ದುವು. ಯುಪಿಎಸ್ಸಿನ ಸೀಸದ ಬ್ಯಾಟರಿಗಳೂ ಚಾರ್ಜು ಕಾಣದೆ ಸತ್ತಿದ್ದುವು. ನನ್ನ ಎಚ್ಚರಿಕೆಯೇ ರೋಗವಾಗಿತ್ತು. ಬಿಲ್ಲೆಗಳನ್ನು ಬದಲಿಸಿ ತಾರೀಖನ್ನು ತಿದ್ದಿದೊಡನೆ ಯಂತ್ರಗಳು ಮಾತು ಕೇಳಿದುವು.

ಇನ್ನೊಂದು ತೊಡಕು ಉಳಿದಿತ್ತು. ಎರಡು ಗಣಕಗಳಿಗೆ ಒಂದೇ ಜಾಲವಿಳಾಸವನ್ನು ಯಾರೋ ಕೊಟ್ಟಿದ್ದರು. ಒಂದೇ ಸಂಖ್ಯೆಯ ಎರಡು ಮನೆಗಳಿದ್ದರೆ ಅಂಚೆಯವನು ಮಾಡುವುದೇನು? ತಿದ್ದೋಣವೆಂದರೆ ಗುಪ್ತಪದವು ವರ್ಗವಾಗಿ ಹೋದ ಉಪಾಧ್ಯಾಯರ ನೆನಪಿನಲ್ಲಿತ್ತು. ಗುಪ್ತಪದವು ವ್ಯಕ್ತಿಯ ಸ್ವತ್ತಲ್ಲ, ಶಾಲೆಯ ಸ್ವತ್ತು. ಮುಚ್ಚಿದ ಲಕೋಟೆಯಲ್ಲಿ ಬರೆದು ಶಾಲೆಯ ಬೀರುವಿನಲ್ಲಿ ಭದ್ರಪಡಿಸುವುದು ಯುಕ್ತ.

ಕ್ಷೇಮವು ಅಸಾಧ್ಯವೇನಲ್ಲ. ನಮ್ಮ ಕನ್ನಡ ಮಾಧ್ಯಮದ ಶಾಲೆಗಳೇ ಇರುವ ಕಾಸರಗೋಡನ್ನು ನೋಡಿರಿ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಯಿತು. ಪರವಾನಗಿಯ ಹಣ ಬೇಡದ ಸ್ವತಂತ್ರ ತಂತ್ರಾಂಶವನ್ನೇ ಅವರು ಶಾಲೆಗಳಲ್ಲಿ ನೆಲೆಗೊಳಿಸಿದರು. ಉಪಾಧ್ಯಾಯರಿಗೆ ಶಿಕ್ಷಣ ಕೊಟ್ಟರು. 2018ರಲ್ಲಿ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿಕೂಟಗಳನ್ನು ಪ್ರೌಢಶಾಲೆಗಳಲ್ಲಿ ಕಟ್ಟಿದರು. ಶಾಲೆಯ ಯಂತ್ರಗಳ ಪಾಲನೆಯಲ್ಲಿ ಉಪಾಧ್ಯಾಯರಿಗೆ ನೆರವಾಗುವುದೂ ಆ ಮಕ್ಕಳ ಕೆಲಸಗಳಲ್ಲೊಂದು. ನಾನು ಯಾರ ಕೈಯಿಂದ ಯಂತ್ರವನ್ನು ಕಾಪಾಡಲು ಹೊರಟೆನೋ ಆ ಕೈಗಳಿಗೇ ಅವರು ಯಂತ್ರವನ್ನು ಕಾಪಾಡಲು ಒಪ್ಪಿಸಿದರು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು ಮುಗಿಯಿತು. ಹಾಗೆಂದು ಹಳೆಯ ಯಂತ್ರಗಳನ್ನು ಗುಜರಿಗೆ ಹಾಕಬೇಕಾದುದಿಲ್ಲ. ಅವುಗಳಲ್ಲಿ ಅನೇಕವು ಲಿನಕ್ಸಿನಿಂದ ಇನ್ನೂ ಕೆಲವು ವರ್ಷ ಬಾಳಬಲ್ಲವು.

ಇದರಲ್ಲಿ ಗೃಹಸ್ಥರ ಪಾಲೇನೆಂದು ಕೇಳುವಿರಾ? ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯುಂಟು. ಅದರ ಸದಸ್ಯರಲ್ಲಿ ಹೆಚ್ಚಿನವರು ತಂದೆತಾಯಿಗಳೇ. ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಸೌಜನ್ಯದಿಂದ ಕೇಳಿರಿ. ಕೊಠಡಿಯು ವಾರಕ್ಕೆ ಎಷ್ಟು ದಿನ ತೆರೆದಿರುವುದು? ಕೆಟ್ಟುದನ್ನು ಬರೆಯುವ ಪುಸ್ತಕವಿದೆಯೆ? ಮಕ್ಕಳ ದಾಖಲೆಗಳ ಮತ್ತೊಂದು ಪ್ರತಿಯು ಬೇರೆ ಸ್ಥಳದಲ್ಲಿದೆಯೆ? ಪ್ರತಿಯೊಂದು ಹೋಬಳಿಗೂ ತಿಳಿದವರೊಬ್ಬರನ್ನು ನೇಮಿಸಿ ಶಾಲೆಯಿಂದ ಶಾಲೆಗೆ ಸುತ್ತಿಸಿದರೆ ಉತ್ತಮ. ಅದುವರೆಗೆ ಈ ಮೂರು ಪ್ರಶ್ನೆಗಳಾದರೂ ಇರಲಿ.

ಉಪಯೋಗದಿಂದ ಸವೆದ ವಸ್ತುವಿಗೆ ಲೆಕ್ಕ ಒಪ್ಪಿಸಬಹುದು. ಬೀಗದೊಳಗೆ ಕೊಳೆತ ವಸ್ತುವಿಗೆ, ಸರದಿ ಬಾರದೆ ಹೋದ ಮಗುವಿಗೆ, ನಾನು ಈಗ ಯಾವ ಲೆಕ್ಕವನ್ನು ಒಪ್ಪಿಸಲಿ?