120 ಹರ್ಟ್ಜ್ ಸರಿ, ಬೆಳಕು ನಿಲ್ಲುತ್ತದೆಯೇ?

ಮೊಬೈಲ್ ಕೊಳ್ಳಲು ಹೋಗುವ ನಮ್ಮ ವಯಸ್ಸಿನವರ ಮೊದಲ ಪ್ರಶ್ನೆ ಕ್ಯಾಮೆರಾ, ಎರಡನೆಯದು "120 ಹರ್ಟ್ಜ್ ಇದೆಯಾ?" ರಜೆಯ ದಿನಗಳಲ್ಲಿ ನನ್ನ ಮಾಮೂ ಅವರ ಮೊಬೈಲ್ ಅಂಗಡಿಯಲ್ಲಿ ಕೂರುತ್ತೇನೆ, ಹಾಗಾಗಿ ಈ ಮಾತು ಕೇಳಿ ಕೇಳಿ ಬಾಯಿಪಾಠವಾಗಿದೆ. ಆದರೆ ಆ ಹರ್ಟ್ಜ್ ಬದಲಾಗುವಾಗ ಪರದೆಯ ಬೆಳಕು ಒಂದೇ ಸಮ ಇರುತ್ತದೆಯೇ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು.

ಹರ್ಟ್ಜ್ ಎಂದರೆ ಪರದೆ ಒಂದು ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಹೊಸದಾಗಿ ಬರೆಯುತ್ತದೆ ಎಂಬ ಲೆಕ್ಕ. 120ರಲ್ಲಿ ಒಂದು ಚಿತ್ರಕ್ಕೆ ಸಿಗುವುದು ಸುಮಾರು 8.3 ಮಿಲಿಸೆಕೆಂಡ್, 60ರಲ್ಲಿ 16.7. ಬೆರಳಿನಿಂದ ಸರಿಸುವಾಗ ಹೆಚ್ಚು ವೇಗ ಚೆನ್ನ, ಸುಮ್ಮನೆ ಓದುವಾಗ ಅಷ್ಟು ಬೇಕಿಲ್ಲ. ಆದ್ದರಿಂದ ಬ್ಯಾಟರಿ ಉಳಿಸಲು ಫೋನ್ ತಾನಾಗಿಯೇ ವೇಗ ಇಳಿಸುತ್ತದೆ, ಮುಟ್ಟಿದ ಕೂಡಲೇ ಏರಿಸುತ್ತದೆ.

ತೊಂದರೆ ಇರುವುದು ಈ ಏರಿಳಿತದಲ್ಲಿ. ಅಮೋಲೆಡ್ ಪರದೆಯ ಪ್ರತಿ ಚುಕ್ಕೆಯ ಹಿಂದೆ ಒಂದು ಪುಟ್ಟ ಕೆಪಾಸಿಟರ್ ಇದೆ. ಚುಕ್ಕೆ ಎಷ್ಟು ಬೆಳಗಬೇಕು ಎಂಬುದನ್ನು ಅದು ವೋಲ್ಟೇಜ್ ರೂಪದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಸಣ್ಣ ತೂತಿರುವ ಕೊಡ ಎಂದುಕೊಳ್ಳಿ. ಸೆಕೆಂಡಿಗೆ 120 ಸಲ ತುಂಬಿದರೆ ಸೋರಿದ್ದು ಗೊತ್ತಾಗುವುದಿಲ್ಲ. 60 ಸಲ ಮಾತ್ರ ತುಂಬಿದರೆ ಸೋರಲು ಎರಡು ಪಟ್ಟು ಸಮಯ. ಇನ್ನೊಂದು ಕಡೆಯ ಲೆಕ್ಕವೂ ಇದೆ. ಪರದೆಯಲ್ಲಿ 2400 ಸಾಲುಗಳಿದ್ದರೆ 60 ಹರ್ಟ್ಜ್‌ನಲ್ಲಿ ಒಂದು ಸಾಲು ತುಂಬಲು ಸುಮಾರು 7 ಮೈಕ್ರೋಸೆಕೆಂಡ್ ಸಿಗುತ್ತದೆ, 120ರಲ್ಲಿ ಅದರ ಅರ್ಧ. ಅಂದರೆ ನಿಧಾನವಾದರೆ ಸೋರಿಕೆ, ವೇಗವಾದರೆ ಅವಸರ. ಎರಡರಲ್ಲೂ ಒಂದೇ ಬೆಳಕು ಬರಬೇಕಾದರೆ ಕಂಪನಿ ಪ್ರತಿ ವೇಗಕ್ಕೂ ಬೇರೆ ಬೇರೆ ಹೊಂದಾಣಿಕೆ ಮಾಡಿ ಕೂರಿಸಬೇಕು. ದುಬಾರಿ ಫೋನುಗಳ ಎಲ್‌ಟಿಪಿಒ ಪರದೆಯಲ್ಲಿ ಸೋರಿಕೆ ತೀರಾ ಕಡಿಮೆ, ಅದಕ್ಕೇ ಅವು 1 ಹರ್ಟ್ಜ್‌ವರೆಗೂ ಇಳಿಯಬಲ್ಲವು. ನಮ್ಮಂಥವರು ಕೊಳ್ಳುವ ಬೆಲೆಯಲ್ಲಿ ಆ ಪರದೆಯನ್ನು ನಾನಂತೂ ನೋಡಿಲ್ಲ.

ಹಗಲಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಬೆಳಕು ಕಡಿಮೆ ಮಾಡಿದಾಗ, ಅದರಲ್ಲೂ ಕಪ್ಪಿಗೆ ಹತ್ತಿರದ ಬೂದು ಬಣ್ಣದಲ್ಲಿ ಕಾಣುತ್ತದೆ. ಯಾಕೆಂದರೆ ಅಲ್ಲಿ ಹರಿಯುವ ಕರೆಂಟೇ ಅಷ್ಟು ಕಡಿಮೆ, ಸ್ವಲ್ಪ ಹೆಚ್ಚುಕಮ್ಮಿಯಾದರೂ ದೊಡ್ಡದಾಗಿ ತೋರುತ್ತದೆ. ನಮ್ಮ ಮನೆಯಲ್ಲಿ ರಾತ್ರಿ ಹತ್ತರ ನಂತರ ಲೈಟ್ ಆರಿಸಲೇಬೇಕು, ಅದೇ ಕೋಣೆಯಲ್ಲಿ ದಾದಿ, ತಮ್ಮಂದಿರು ಮಲಗಿರುತ್ತಾರೆ. ಡಾರ್ಕ್ ಮೋಡ್ ಹಾಕಿ, ಬ್ರೈಟ್‌ನೆಸ್ ತಳಕ್ಕೆ ಇಳಿಸಿ ಅಕೌಂಟೆನ್ಸಿ ನೋಟ್ಸ್ ಓದುತ್ತೇನೆ. ಸರಿಸಿ ಬೆರಳು ತೆಗೆದ ಮರುಕ್ಷಣ ಬೂದು ಹಿನ್ನೆಲೆ ಒಮ್ಮೆ ಮಿಣುಕಿ ಬಣ್ಣ ಬದಲಿಸುತ್ತದೆ. ಪುಟಕ್ಕೆ ಇಪ್ಪತ್ತು ಸಲ. ಅಬ್ಬಾ ಕಂತು ಕಟ್ಟುತ್ತಿರುವ ಫೋನ್ ಇದು. ಆಪಾ ಹೇಳುತ್ತಾಳೆ, "ಅಷ್ಟು ಸೂಕ್ಷ್ಮವಾಗಿ ಯಾರೋ ನೋಡೋದು?" ರಾತ್ರಿ ಓದುವವರು ನೋಡುತ್ತಾರೆ. ಈ ಕಾಲೇಜಿನಲ್ಲಿ ಅಂಥವರು ನಾನೊಬ್ಬನೇ ಅಲ್ಲ.

ಕಂಪನಿಗಳಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. 2019ರಲ್ಲಿ ಗೂಗಲ್‌ನ ಪಿಕ್ಸೆಲ್ 4 ಫೋನ್ 90 ಹರ್ಟ್ಜ್ ಎಂದು ಮಾರಾಟಕ್ಕೆ ಬಂತು. ಬ್ರೈಟ್‌ನೆಸ್ ಸುಮಾರು ಮುಕ್ಕಾಲಕ್ಕಿಂತ ಕೆಳಗಿಳಿದರೆ ಅದು ಸದ್ದಿಲ್ಲದೆ 60ಕ್ಕೆ ಇಳಿಯುತ್ತದೆ ಎಂದು ಕೊಂಡವರೇ ಕಂಡುಹಿಡಿದರು. ಕೆಲವು ಬೆಳಕಿನ ಸಂದರ್ಭಗಳಲ್ಲಿ ವೇಗ ಇಳಿಸುತ್ತೇವೆ ಎಂದು ಗೂಗಲ್ ಒಪ್ಪಿಕೊಂಡಿತು. ಮಂದ ಬೆಳಕಿನಲ್ಲಿ ಮಿಣುಕು ತಪ್ಪಿಸಲು ವೇಗವನ್ನು ಒಂದೇ ಕಡೆ ಕಟ್ಟಿಹಾಕುವ ವ್ಯವಸ್ಥೆ ಆಂಡ್ರಾಯ್ಡ್‌ನ ಬಹಿರಂಗ ಕೋಡ್‌ನಲ್ಲೇ ಇದೆ. ಎಲ್ಲರೂ ಆಗ ಬೈದರು. ನನಗೆ ಮಾತ್ರ ಮಿಣುಕುವ 90ಕ್ಕಿಂತ ನಿಂತ 60 ವಾಸಿ. ತಕರಾರು ಇರುವುದು ಹೇಳದೆ ಮಾಡಿದ್ದಕ್ಕೆ.

ದ್ವಿತೀಯ ಪಿಯುಸಿ ಬಿಸಿನೆಸ್ ಸ್ಟಡೀಸ್‌ನಲ್ಲಿ ಗ್ರಾಹಕ ರಕ್ಷಣೆಯ ಪಾಠ ಓದಿದವರಿಗೆ ನೆನಪಿರಬಹುದು: 2019ರ ಕಾಯ್ದೆಯ ಪ್ರಕಾರ ಸರಕಿನ ಗುಣಮಟ್ಟದ ಬಗ್ಗೆ ತಿಳಿಯುವುದು ಗ್ರಾಹಕರ ಹಕ್ಕು. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಸಿಗುತ್ತದೆ, ಅಂಗಡಿಯಲ್ಲಿ ಸಿಗುವುದು ಬಾಕ್ಸ್ ಮೇಲಿನ ದಪ್ಪ ಅಕ್ಷರದ 120 ಮಾತ್ರ. ಅಳೆಯಲು ಆಗುವುದಿಲ್ಲ ಎನ್ನುವಂತಿಲ್ಲ. ಪರದೆಗಳಿಗೆ ಮಾನದಂಡ ರೂಪಿಸುವ ವೆಸಾ ಸಂಸ್ಥೆ 2022ರಲ್ಲಿ ಮಾನಿಟರ್ ಮತ್ತು ಲ್ಯಾಪ್‌ಟಾಪ್‌ಗಳಿಗೆ 'ಅಡಾಪ್ಟಿವ್‌ಸಿಂಕ್ ಡಿಸ್‌ಪ್ಲೇ' ಎಂಬ ಗುರುತು ಕೊಡಲು ಶುರುಮಾಡಿತು. ಅದರ ಪರೀಕ್ಷೆಗಳಲ್ಲಿ ಮಿಣುಕಿನದೂ ಒಂದು. ಫೋನ್ ಬಾಕ್ಸ್ ಮೇಲೂ ಅಂಥ ಒಂದು ಸಾಲು ಬರಲಿ.

ಅದು ಬರುವ ತನಕ ನಾವೇ ನೋಡಿಕೊಳ್ಳಬೇಕು. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಏನೂ ತಿಳಿಯುವುದಿಲ್ಲ. ಡೆಮೊ ಫೋನಿನ ಬ್ರೈಟ್‌ನೆಸ್ ತಗ್ಗಿಸಿ, ಡಾರ್ಕ್ ಮೋಡ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಕೈಯಿಂದ ಮರೆ ಮಾಡಿ ಅಥವಾ ಕೌಂಟರ್ ಕೆಳಗೆ ಹಿಡಿದು, ಸರಿಸಿ ನಿಲ್ಲಿಸಿ. ಡೆವಲಪರ್ ಆಪ್ಷನ್ಸ್‌ನಲ್ಲಿ ರಿಫ್ರೆಶ್ ರೇಟ್ ತೋರಿಸುವ ಆಯ್ಕೆ ಇದ್ದರೆ ಅಂಕಿ ಮೂಲೆಯಲ್ಲೇ ಕಾಣುತ್ತದೆ. ಅದು ಬದಲಾದ ಗಳಿಗೆಯಲ್ಲಿ ಬೂದು ಬಣ್ಣ ಕದಲಿತೇ ನೋಡಿ. ಈಗಾಗಲೇ ಕೊಂಡಾಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ 60ಕ್ಕೆ ಬೀಗ ಹಾಕಿ. ನಾನು ಹಾಗೇ ಮಾಡಿದ್ದೇನೆ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತಿದೆ.

ನಮ್ಮ ಕಂಪ್ಯೂಟರ್ ಲ್ಯಾಬ್‌ಗೆ ಹೊಸ ಮಾನಿಟರ್ ತರಿಸುವ ಮಾತಿದೆ. ಕೊಟೇಶನ್ ಕೇಳುವ ಸರ್, ಮೇಡಂ ಅವರಲ್ಲಿ ಒಂದು ವಿನಂತಿ: ಹರ್ಟ್ಜ್ ಕಾಲಂ ಪಕ್ಕದಲ್ಲಿ ಮಿಣುಕು ಪರೀಕ್ಷೆಗೂ ಒಂದು ಕಾಲಂ ಹಾಕಿ.