ಹೆಸರಿನಲ್ಲಷ್ಟೇ ಸರ್ಪ

ಬೆನ್ನಿನ ಒಂದು ಪಕ್ಕದಿಂದ ಎದೆಯವರೆಗೆ ಪಟ್ಟಿಯ ಹಾಗೆ ನೀರುಗುಳ್ಳೆ ಎದ್ದು ಉರಿಯತೊಡಗಿದರೆ ಅದು ಸರ್ಪಸುತ್ತು. ಪುಣೆಯ ನೆರೆಮನೆಯವರಿಗೆ ಅದು ‘ನಾಗೀಣ’. ಚೆನ್ನೈ, ಹೈದರಾಬಾದಿನಲ್ಲಿ ‘ಅಕ್ಕಿ’. ಹಾವಿನ ಹೆಸರಿಗೆ ಒಂದು ಭಯವೂ ಅಂಟಿಕೊಂಡಿದೆ: ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ. ಅದಕ್ಕೇ ಕೆಮ್ಮಣ್ಣು, ಮಂತ್ರ, ನಾಗದೋಷದ ಪರಿಹಾರ.

ಇದು ಮೂಢನಂಬಿಕೆಯ ಪದ, ಬಿಟ್ಟುಬಿಡಬೇಕು ಎನ್ನುವವರಿದ್ದಾರೆ. ಆದರೆ ಹೆಸರಿನದೇನೂ ತಪ್ಪಿಲ್ಲ. ವೈದ್ಯರು ಬರೆಯುವ ‘ಹರ್ಪಿಸ್ ಜೋಸ್ಟರ್’ ಗ್ರೀಕ್ ಮಾತು. ಹರ್ಪಿಸ್ ಎಂದರೆ ತೆವಳುವುದು. ಅದರ ಧಾತುವೂ ಸಂಸ್ಕೃತದ ‘ಸರ್ಪ’ದ ಧಾತುವೂ ಒಂದೇ ಮೂಲದವು. ಜೋಸ್ಟರ್ ಎಂದರೆ ನಡುಪಟ್ಟಿ. ಅಲ್ಲಿಗೆ ಅದೂ ಸರ್ಪಸುತ್ತೇ. ಎರಡು ಹೆಸರೂ ಗುಳ್ಳೆಗಳ ಆಕಾರವನ್ನು ಹೇಳುತ್ತವೆ, ಕಾರಣವನ್ನಲ್ಲ.

ಕಾರಣ ಸಾಮಾನ್ಯವಾಗಿ ಬಾಲ್ಯದಲ್ಲಿರುತ್ತದೆ. ಮಗುವಿಗೆ ‘ಅಮ್ಮ’ ಆದಾಗ, ಅಂದರೆ ಸೀತಾಳೆ ಸಿಡುಬು ಬಂದಾಗ, ಬೇವಿನ ನೀರಿನ ಸ್ನಾನವಾದರೆ ಅಮ್ಮ ಹೊರಟಳೆಂದು ಲೆಕ್ಕ. ವೈರಸ್ ಮಾತ್ರ ಹೊರಡುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಸುಮ್ಮನಿರುತ್ತದೆ. ವಯಸ್ಸಾಗಿಯೋ ಕಾಯಿಲೆಯಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗ ಒಂದು ನರ ಹಿಡಿದು ಚರ್ಮಕ್ಕೆ ಬರುತ್ತದೆ. ಸರ್ಪಸುತ್ತು ಆದವರಿಂದ ಮಕ್ಕಳಿಗೆ ಸೀತಾಳೆ ಸಿಡುಬು ತಗಲುವುದನ್ನು ಹಂಗೇರಿಯ ವೈದ್ಯ ಬೋಕಾಯ್ 19ನೇ ಶತಮಾನದ ಕೊನೆಯಲ್ಲೇ ಗಮನಿಸಿದ್ದರು. ಎರಡಕ್ಕೂ ವೈರಸ್ ಒಂದೇ ಎಂದು ಥಾಮಸ್ ವೆಲ್ಲರ್ 1950ರ ದಶಕದಲ್ಲಿ ತೋರಿಸಿಕೊಟ್ಟರು.

ಒಂದು ನರ ಮೈಯ ಒಂದೇ ಪಕ್ಕದ ಚರ್ಮಕ್ಕೆ ಸೇರಿದ್ದು. ಹಾಗಾಗಿ ಈ ಹಾವು ಸಾಮಾನ್ಯವಾಗಿ ನಡುಗೆರೆ ದಾಟುವುದೇ ಇಲ್ಲ; ತಲೆ ಬಾಲ ಕೂಡುವ ಮಾತೆಲ್ಲಿ? ಮಂತ್ರ ಹಾಕಿಸಿದ ಮೇಲೆ ವಾಸಿಯಾಗುವುದೂ ಆಶ್ಚರ್ಯವಲ್ಲ. ಗುಳ್ಳೆಗಳು ಎರಡರಿಂದ ನಾಲ್ಕು ವಾರಗಳಲ್ಲಿ ತಾವಾಗಿಯೇ ಒಣಗುತ್ತವೆ. ಹಿಂದೆ ಉಳಿಯಬಹುದಾದದ್ದು ನರದ ನೋವು. ವಯಸ್ಸಾದವರನ್ನು ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಡುತ್ತದೆ. ಕಣ್ಣಿನ ಸುತ್ತ ಎದ್ದರೆ ದೃಷ್ಟಿಗೇ ಅಪಾಯ.

ವೈರಸ್ ತಡೆಯುವ ಮಾತ್ರೆಗಳನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಫಲ ಹೆಚ್ಚು. ಕೆಮ್ಮಣ್ಣು ಹಚ್ಚಿ ಕಾಯುವುದರಲ್ಲಿ ಕಳೆದುಹೋಗುವುದು ಈ ಮೂರು ದಿನಗಳೇ. 50 ದಾಟಿದವರಿಗೆ ಎರಡು ಡೋಸಿನ ಲಸಿಕೆಯೂ ಭಾರತದಲ್ಲಿ ಸಿಗುತ್ತದೆ, ದುಬಾರಿ, ನಿಜ.

ಹೆಸರು ಇರಲಿ. ಊರಿನಲ್ಲಿರುವ ತಾಯಿ ಫೋನಿನಲ್ಲಿ “ಸರ್ಪಸುತ್ತು ಆಗಿದೆ, ಕೆಮ್ಮಣ್ಣು ಹಚ್ಚಿಸ್ಕೊಂಡು ಬಂದೆ ಕಣೋ” ಅಂದರೆ, ದೆಹಲಿಯ ಮಗ ನಂಬಿಕೆಯ ಮೇಲೆ ವಾದಕ್ಕಿಳಿಯಬೇಕಿಲ್ಲ. ಕೇಳಬೇಕಾದದ್ದು ಒಂದೇ: “ಗುಳ್ಳೆ ಎದ್ದು ಎಷ್ಟು ದಿನ ಆಯ್ತಮ್ಮ?” ಉತ್ತರ ಏನೇ ಬರಲಿ, ಅದೇ ದಿನ ಡಾಕ್ಟರ ಹತ್ತಿರ ಕಳಿಸಬೇಕು.